ಕೆಂಟನ್ನಿನಲ್ಲಿ ಮಾವನ ವೀಟೊ

ನಮ್ಮ ಸೋದರಮಾವನ ಕೈಗೆ ಆಳಲು ಒಂದು ದೇಶ ಸಿಗದೇ ಹೋದದ್ದು ಯಾವ ದೇಶದ ಜನ ಮಾಡಿದ ಪುಣ್ಯವೋ ನನಗೆ ಗೊತ್ತಿಲ್ಲ. ಸಿಕ್ಕಿದ್ದು ವಿಲಾಯತಿಯ ಈ ಕೆಂಟನ್ನಿನ ಕನ್ನಡ ಕೂಟ ಮಾತ್ರ. ಮಾವ ಅದನ್ನು ದೇಶಕ್ಕಿಂತ ಒಂದು ಗುಲಗಂಜಿ ತೂಕವೂ ಕಡಿಮೆ ಎಂದು ತಿಳಿದವರಲ್ಲ. ಯಾವುದೋ ದೇಶದ ಅಧ್ಯಕ್ಷರಿಗೂ ಅಲ್ಲಿನ ಸಂಸತ್ತಿಗೂ ಜಟಾಪಟಿ ಎಂದು ಟೀವಿಯಲ್ಲಿ ಸುದ್ದಿ ಬಂದರೆ ಸಾಕು, ಕಾಫಿ ಲೋಟ ಕೆಳಗಿಟ್ಟು, "ಪಾಪ, ಅವನ ಕಷ್ಟ ನನಗೆ ಅರ್ಥ ಆಗತ್ತೆ ಕಣೋ," ಎನ್ನುತ್ತಾರೆ.

ಅರ್ಥವಾಗದೆ ಏನು? ಕಳೆದ ಚುನಾವಣೆಯಲ್ಲಿ ಸದಸ್ಯರೆಲ್ಲ ಸೇರಿ ಮಾವನನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಅದೇ ಸದಸ್ಯರು, ಅದೇ ಮಧ್ಯಾಹ್ನ, ಸಮಿತಿಗೆ ಅವರ ವಿರೋಧಿಗಳನ್ನೇ ಆರಿಸಿದರು. ಒಬ್ಬಿಬ್ಬರನ್ನಲ್ಲ, ಒಂಬತ್ತಕ್ಕೆ ಒಂಬತ್ತು. ಕೊರಳಿಗೆ ಹಾರ ಹಾಕಿ ಕಾಲಿಗೆ ಹಗ್ಗ ಕಟ್ಟಿದ ಹಾಗೆ! ಆ ಒಂಬತ್ತು ಮಂದಿಯ ನಾಯಕಿ ಉಡುಪಿ ಕಡೆಯ ಲೀನಾ ಬಾಯಿ. ಮೂವತ್ತು ವರ್ಷ ಇಲ್ಲಿನ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವರು. ಅವರು ಕನ್ನಡಕ ಸರಿಮಾಡಿಕೊಂಡರೆ ಎದುರಿಗಿದ್ದವರು ತಾವಾಗಿಯೇ ನಾಲಿಗೆ ಹೊರಚಾಚಬೇಕು. ನಾನು ಕಾರ್ಯದರ್ಶಿ. ನಡಾವಳಿ ಬರೆಯಬಹುದು, ಮತ ಹಾಕುವಂತಿಲ್ಲ.

ಜಗಳ ಯುಗಾದಿ ಊಟದ್ದು. ಎಲ್ಲರನ್ನೂ ಪಂಕ್ತಿಯಲ್ಲಿ ಕೂರಿಸಿ, ಬಾಳೆ ಎಲೆ ಹಾಕಿ ಬಡಿಸಬೇಕೆಂದು ಮಾವ. ಎಂದಿನಂತೆ ಬಫೆ, ತಟ್ಟೆ ಹಿಡಿದು ನಿಂತು ತಿಂದರೆ ಸಾಕೆಂದು ಸಮಿತಿ.

"ಇನ್ನೂರು ಜನ ಮಾರಾಯ್ರೇ, ಬಡಿಸುವವರು ಯಾರು?" ಲೀನಾ ಬಾಯಿ ಕೇಳಿದರು.

"ನಾನು ಬಡಿಸ್ತೀನಿ."

"ನೀವು ಬಡಿಸಿ ಮುಗಿಸುವಾಗ ದೀಪಾವಳಿ ಬರ್ತದೆ. ಹಾಲ್ ಮೂರು ಗಂಟೆಗೆ ಬಿಡ್ಲಿಕ್ಕೆ ಉಂಟು."

ಮತಕ್ಕೆ ಹಾಕಿದರು. ಒಂಬತ್ತಕ್ಕೆ ಸೊನ್ನೆ, ಬಫೆ. ಮಾವ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡು, "ವೀಟೊ," ಎಂದರು.

ಕೂಟದ ನಿಯಮಾವಳಿಯ ಪ್ರಕಾರ ಅಧ್ಯಕ್ಷರ ಸಹಿ ಇಲ್ಲದೆ ಸಮಿತಿಯ ನಿರ್ಣಯ ನಡೆಯದು. ಸಮಿತಿಯ ಒಪ್ಪಿಗೆ ಇಲ್ಲದೆ ಅಧ್ಯಕ್ಷರು ಒಂದು ಕುರ್ಚಿಯನ್ನೂ ಸರಿಸುವಂತಿಲ್ಲ. ಇಂಥ ನಿಯಮಾವಳಿ ಬರೆದ ಮಹಾನುಭಾವ ಯಾರು? ನಮ್ಮ ಮಾವನೇ! ಹಿಂದೊಮ್ಮೆ ತಾವು ಸಮಿತಿಯಲ್ಲಿದ್ದಾಗ ಅಂದಿನ ಅಧ್ಯಕ್ಷರ ಕೈ ಕಟ್ಟಲು ಎರಡನೆಯದನ್ನು ಬರೆದರು. ಆಮೇಲೆ ತಾವೇ ಮೊದಲ ಸಲ ಅಧ್ಯಕ್ಷರಾದಾಗ ಸಮಿತಿಯ ಕೈ ಕಟ್ಟಲು ಮೊದಲನೆಯದನ್ನು ಸೇರಿಸಿದರು.

ಎರಡು ತಿಂಗಳು ಯುದ್ಧ. ಮಾವ ವಾಟ್ಸಾಪ್ ಗುಂಪಿನಲ್ಲಿ "ಸುಗ್ರೀವಾಜ್ಞೆ ಒಂದು: ಪಂಕ್ತಿ" ಎಂದು ಹಾಕಿದರು. ಒಂದು ನಿಮಿಷದಲ್ಲಿ ಒಂಬತ್ತು ಹೆಬ್ಬೆರಳು, ಎಲ್ಲವೂ ಕೆಳಮುಖ. ಎರಡನೆಯ ಸುಗ್ರೀವಾಜ್ಞೆ ಹೊರಡುವಷ್ಟರಲ್ಲಿ ಲೀನಾ ಬಾಯಿ ಗುಂಪಿನಲ್ಲಿ ಅಡ್ಮಿನ್‌ಗಳಷ್ಟೇ ಬರೆಯುವಂತೆ ಮಾಡಿದ್ದರು. ಮಾವ ತಮ್ಮ ಫೋಟೋ ತೆಗೆದು ಆ ಜಾಗದಲ್ಲಿ ಬಾಳೆ ಎಲೆಯ ಚಿತ್ರ ಹಾಕಿಕೊಂಡರು. ಅದನ್ನು ತಡೆಯುವ ನಿಯಮವನ್ನು ಮಾತ್ರ ಅವರು ಬರೆದಿರಲಿಲ್ಲ.

ಒಂದು ದಿನ ಊರಿನ ಇನ್ನೊಂದು ತುದಿಯಲ್ಲಿ ನಮ್ಮವರ ಅಂಗಡಿಗಳಿರುವ ಟೂಟಿಂಗಿಗೆ ಹೋಗಿ ಮಾದರಿಗೆಂದು ನಾಲ್ಕು ಎಲೆ ತಂದರು. ಎಳೆಮಗುವಿನಂತೆ ಅವನ್ನು ಎದೆಗೊರಗಿಸಿಕೊಂಡು ಎರಡು ಟ್ಯೂಬ್ ರೈಲು ಬದಲಿಸಿ ಬಂದರು. ಇದೇನೆಂದು ಪಕ್ಕದ ಸೀಟಿನ ಹೆಂಗಸು ಕೇಳಿದ್ದಕ್ಕೆ "ಸಾಕ್ಷಿ" ಎಂದರಂತೆ. ಆಕೆ ಮುಂದಿನ ನಿಲ್ದಾಣದಲ್ಲೇ ಇಳಿದಳು.

ಸಮಿತಿ ಸಭೆಯ ಚಹಾ ನಿಲ್ಲಿಸಿತು. ಮಾವ ಫ್ಲಾಸ್ಕ್ ಹಿಡಿದು ಬಂದರು. ಫ್ಲಾಸ್ಕ್ ತುಂಬಿಸಿ ಕಳಿಸುತ್ತಿದ್ದವರು ಅತ್ತೆ. ಎರಡು ವರ್ಷದ ಹಿಂದೆ ಸ್ಟ್ರೋಕ್ ಆದ ಮೇಲೆ ಅವರು ಕೂಟದ ಕಡೆ ಬಂದಿಲ್ಲ. ಕೇಳಿದರೆ ಚಳಿ ಎನ್ನುತ್ತಾರೆ, ಜುಲೈಯಲ್ಲೂ.

ಕೊನೆಗೆ ಸಮಿತಿ ಅವಿಶ್ವಾಸಕ್ಕೆ ಇಳಿಯಿತು. ನೋಟಿಸನ್ನು ಅಧ್ಯಕ್ಷರ ಮನೆಗೇ ಹೋಗಿ ಕೈಯಾರೆ ಕೊಡಬೇಕು. ಇದೂ ಮಾವನದೇ ನಿಯಮ. ಶನಿವಾರ ಬೆಳಿಗ್ಗೆ ಲೀನಾ ಬಾಯಿ ಲಕೋಟೆ ಹಿಡಿದು ಬಂದರು. ನಾನೂ ಅಲ್ಲಿದ್ದೆ.

"ಬನ್ನಿ, ನನ್ನನ್ನ ಇಳಿಸೋಕೆ ಮುಂಚೆ ನೀವು ಸ್ವಲ್ಪ ಕೂತ್ಕೊಳ್ಳಿ," ಎಂದರು ಮಾವ.

ಅತ್ತೆ ಒಂದು ಕಪ್ ಚಹಾ ತಂದಿಟ್ಟರು. ಮತ್ತೆ ಒಳಗೆ ಹೋಗಿ ಇನ್ನೊಂದು ತಂದರು. ಮತ್ತೆ ಹೋಗಿ ಮತ್ತೊಂದು. ಎಡಗೈ ಸ್ವೆಟರ್ ಜೇಬಿನಲ್ಲೇ ಇತ್ತು. ಲೀನಾ ಬಾಯಿ ಕನ್ನಡಕ ಸರಿಮಾಡಿಕೊಂಡರು.

"ಅಕ್ಕ, ಯುಗಾದಿಗೆ ಬರ್ತೀರಲ್ಲ?"

"ಎಲ್ಲಿ ಬರ್ಲಮ್ಮ. ನಿಂತ್ಕೊಂಡು ತಟ್ಟೆ ಹಿಡಿಯಕ್ಕೊಂದು ಕೈ, ತಿನ್ನಕ್ಕೊಂದು ಕೈ ಬೇಕು. ಈ ಕೈ ನನ್ನ ಮಾತೇ ಕೇಳಲ್ಲ. ಇವರು ಪಕ್ಕದಲ್ಲಿ ತಟ್ಟೆ ಹಿಡ್ಕೊಂಡು ನಿಂತ್ರೆ ಇಡೀ ಹಾಲ್ ನನ್ನನ್ನೇ ನೋಡತ್ತೆ," ಎಂದು ನಕ್ಕು ಅತ್ತೆ ಚಕ್ಕುಲಿ ತರಲು ಎದ್ದರು.

ಲಕೋಟೆ ಲೀನಾ ಬಾಯಿಯ ಬ್ಯಾಗಿಗೆ ವಾಪಸಾಯಿತು. ಹೊರಡುವಾಗ ಬಾಗಿಲ ಬಳಿ ತಗ್ಗಿದ ದನಿಯಲ್ಲಿ ಕೇಳಿದರು. "ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ಹೇಳಿದ್ರೆ ಅವಳು ಬರ್ತಾನೇ ಇರ್ಲಿಲ್ಲ. ನನ್ನೊಬ್ಬಳಿಗೋಸ್ಕರ ಇನ್ನೂರು ಜನಕ್ಕೆ ತೊಂದರೆ ಯಾಕೆ ಅಂತಿದ್ಲು," ಎಂದರು ಮಾವ. "ನನ್ನ ಹಟ ಅಂತಲೇ ಇರ್ಲಿ ಬಿಡಿ. ಅದು ಎಲ್ರಿಗೂ ಅಭ್ಯಾಸ ಆಗಿದೆ."

ಮುಂದಿನ ಸಭೆಯಲ್ಲಿ ಪಂಕ್ತಿಯ ನಿರ್ಣಯ ಮಂಡಿಸಿದವರು ಲೀನಾ ಬಾಯಿ. ಉಳಿದ ಎಂಟು ಮಂದಿ ಅವರ ಮುಖ ನೋಡಿ ಕಾರಣ ಕೇಳದೆ ಕೈ ಎತ್ತಿದರು. "ಕಾರಣ ಬರ್ಕೊಳ್ಳಿ," ಎಂದು ಲೀನಾ ಬಾಯಿ ನನಗೆ ಹೇಳಿದರು, "ಅಧ್ಯಕ್ಷರ ಹಟ ತಡೆಯಲಾಗದೆ."

"ಸರ್ವಾನುಮತದಿಂದ ತಡೆಯಲಾಗದೆ," ಎಂದು ಮಾವ ತಿದ್ದಿ ಪೆನ್ನಿನ ಮುಚ್ಚಳ ತೆಗೆದರು.

ಯುಗಾದಿಯ ದಿನ ಒಂಬತ್ತು ಮಂದಿ ವಿರೋಧಿಗಳು ಸೊಂಟಕ್ಕೆ ಟವಲ್ ಬಿಗಿದು ಬಕೆಟ್ಟು ಸೌಟು ಹಿಡಿದು ಓಡಾಡಿದ್ದನ್ನು ನೀವು ನೋಡಬೇಕಿತ್ತು. ಲೀನಾ ಬಾಯಿ ವಾರ್ಡ್ ನಡೆಸಿದಂತೆ ಪಂಕ್ತಿ ನಡೆಸಿದರು. ಎರಡೂ ನಲವತ್ತಕ್ಕೆ ಹಾಲ್ ಖಾಲಿ! ಮೈಸೂರು ಪೇಟ ಇಟ್ಟುಕೊಂಡ ಮಾವ ಒಬ್ಬಟ್ಟಿನ ತಟ್ಟೆ ಎತ್ತಿ ಹಿಡಿದು ಸಾಲುಗಳ ನಡುವೆ ನಡೆದ ಗತ್ತನ್ನು ಯಾವ ದೇಶದ ಅಧ್ಯಕ್ಷರೂ ಗೆದ್ದ ದಿನ ತೋರಿಸಿರಲಾರರು.

ಮೊದಲ ಸಾಲಿನ ಮೊದಲ ಎಲೆ ಅತ್ತೆಯದು. ಮಾವ ಎರಡನೆಯ ಒಬ್ಬಟ್ಟು ಬಡಿಸಲು ಬಾಗಿದಾಗ ಅತ್ತೆ ಬಲಗೈ ಅಡ್ಡ ಹಿಡಿದು, "ಬೇಡ ಅಂದ್ರೆ ಬೇಡ," ಎಂದರು.

"ವೀಟೊ ಉಂಟು ಅವರಿಗೆ," ಎಂದರು ಹಿಂದಿನಿಂದ ಲೀನಾ ಬಾಯಿ.

ಮಾವ ಮುಂದಿನ ಎಲೆಗೆ ಸರಿದರು. ಅತ್ತೆಯ ಎಡಗೈ ಸ್ವೆಟರ್ ಜೇಬಿನಿಂದ ಹೊರಬಂದು ಎಲೆಯ ಅಂಚಿನ ಮೇಲೆ ಆರಾಮಾಗಿ ಮಲಗಿತ್ತು. ಇನ್ನೂರು ಜನರಲ್ಲಿ ಒಬ್ಬರೂ ಅದನ್ನು ನೋಡುತ್ತಿರಲಿಲ್ಲ; ಎಲ್ಲರೂ ಊಟ ಮಾಡುತ್ತಿದ್ದರು.