ಅಣ್ಣ ಹುಟ್ಟಿದ ದಡ

ಜಗಳ ಹುಟ್ಟಿದ್ದು ಒಂದು ಬ್ಯಾನರಿನಿಂದ. ಹೊಳೆಯ ಎರಡು ದಡದ ಊರುಗಳು ಅವತ್ತು ಸೇತುವೆಯ ಮೇಲೆ ಅವಳಿ ಊರುಗಳಾಗಲಿದ್ದವು. ಬ್ಯಾನರ್ ಹೊಲಿದ ದರ್ಜಿ ತನ್ನೂರಿನ ಹೆಸರನ್ನು ಮೇಲೆ, ಆಚೆ ದಡದ ಹೆಸರನ್ನು ಕೆಳಗೆ ಹಾಕಿಬಿಟ್ಟಿದ್ದ.

ಆಚೆ ದಡದ ಅಧ್ಯಕ್ಷರು ಹಾವು ತುಳಿದವರಂತೆ ಹಾರಿದರು. "ನಾವೇನು ನಿಮ್ಮ ಕಾಲ ಕೆಳಗಿರೋರಾ?"

ದರ್ಜಿ ಎದೆಯುಬ್ಬಿಸಿದ. ಅವನೂ ಅವಳಿಯೇ. ಅವನ ತಮ್ಮ ಮದುವೆಯಾಗಿ ಆಚೆ ದಡ ಸೇರಿ ಅಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದ. ಒಂದು ಗಳಿಗೆ ಮೊದಲು ಹುಟ್ಟಿದ ಹೆಮ್ಮೆಯಲ್ಲಿ ಇವನು ಜೀವಮಾನವಿಡೀ ಅವನಿಗೆ ಬುದ್ಧಿ ಹೇಳಿದವನು.

"ಅವಳಿ ಆದ್ರೇನು, ಅಣ್ಣ ಅಣ್ಣನೇ! ಅಣ್ಣ ಹುಟ್ಟಿದೂರೇ ಅಣ್ಣ!"

ಈ ದಡದವರು ಶಿಳ್ಳೆ ಹೊಡೆದರು. ಆ ದಡದವರು ಕುರ್ಚಿ ಎತ್ತಿದರು.

"ಅಣ್ಣಾ, ಸಾಕು ಬಿಡೋ," ಎಂದು ತಮ್ಮ ಅವನ ಅಂಗಿ ಜಗ್ಗಿದ. ದರ್ಜಿ ಕೇಳಬೇಕಲ್ಲ! ಮುಂದಿನ ಸಾಲಿನಲ್ಲಿದ್ದ ತಾಯಿಯನ್ನು ಕರೆತಂದು ಮೈಕಿನ ಮುಂದೆ ನಿಲ್ಲಿಸಿದ.

"ನೀನೇ ಹೇಳಮ್ಮಾ, ಯಾರು ಮೊದಲು?"

"ಅದಕ್ಕೇನಪ್ಪ ಅನುಮಾನ? ನೀನೇ."

ಮತ್ತೆ ಶಿಳ್ಳೆ.

"ಆಚೆ ದಡದ ಆಸ್ಪತ್ರೇಲಿ," ಎಂದಳು ತಾಯಿ.

ಶಿಳ್ಳೆ ಬಾಯಲ್ಲೇ ಇಂಗಿತು.

"ಏನಮ್ಮಾ?"

"ನಿನ್ನ ಅಲ್ಲೇ ಹೆತ್ತೆ. ಇನ್ನೊಂದು ಅಡ್ಡ ತಿರುಗಿದೆ, ನಮ್ಮ ಕೈಲಾಗಲ್ಲ ಅಂತ ಈ ದಡದ ಆಸ್ಪತ್ರೆಗೆ ಸಾಗಿಸಿದ್ರು. ನಿನ್ನ ತಮ್ಮ ಇಲ್ಲಿ ಹುಟ್ಟಿದ."

"ಮುಂಚೆ ಯಾಕೆ ಹೇಳ್ಲಿಲ್ಲ?"

"ಯಾರು ಮೊದಲು ಅಂತ ದಿನಾ ಕಿತ್ತಾಡ್ತಿದ್ರಿ. ಎಲ್ಲಿ ಅಂತ ಯಾವತ್ತು ಕೇಳಿದ್ರಿ?"

ದರ್ಜಿಗೆ ಕಾಲಡಿಯ ಸೇತುವೆಯೇ ಗಿರ್ರನೆ ತಿರುಗಿದಂತಾಯಿತು. ಆಚೆ ದಡದವರು ಹೋ ಎಂದು ಬ್ಯಾನರನ್ನು ತಿರುಗಿಸಿ ಕಟ್ಟಿದರು. ಅಕ್ಷರಗಳೆಲ್ಲ ತಲೆಕೆಳಗಾದವು, ಆದರೆ ಅವರೂರಿನ ಹೆಸರು ಮೇಲೆ ಬಂತು.

ದರ್ಜಿಯ ಪಕ್ಕದಂಗಡಿಯವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯಯ್ಯೋ, ಇಷ್ಟು ವರ್ಷ ನಮ್ಮ ಅಳತೆಯೆಲ್ಲ ಆಚೆಯೋನ ಕೈಗೆ ಕೊಟ್ಟಿದ್ವಾ!"

ಜನ ದಾರಿ ಬಿಟ್ಟು ಸರಿದರು. ದರ್ಜಿ ತಲೆ ತಗ್ಗಿಸಿ, ಗಲ್ಲಿ ಗಲ್ಲಿ ಸುತ್ತಿ ಮನೆ ಸೇರಿದ. ಒಳಗೆ ಅವನ ಜಾಗದಲ್ಲಿ ತಮ್ಮ ಊಟಕ್ಕೆ ಕೂತಿದ್ದ. ಆಚೆ ದಡದವರು ಅವನನ್ನೂ ಓಡಿಸಿದ್ದರು.

"ಪಾಪ, ನಮ್ಮೂರಿನ ಹುಡುಗ, ಎಲ್ಲಿಗೆ ಹೋಗ್ತಾನೆ?" ಎನ್ನುತ್ತ ಹೆಂಡತಿ ಮೈದುನನಿಗೆ ಇನ್ನೊಂದು ಸೌಟು ಬಡಿಸಿದಳು. ಆಮೇಲೆ ಬಾಗಿಲಲ್ಲಿ ನಿಂತ ಗಂಡನನ್ನು ನೋಡಿ, ಸೆರಗು ಸರಿಪಡಿಸಿಕೊಂಡು, ಬಲು ಮರ್ಯಾದೆಯಿಂದ ಕೇಳಿದಳು:

"ಬನ್ನಿ, ಕೂತ್ಕೊಳ್ಳಿ. ಊಟ ಮಾಡ್ಕೊಂಡೇ ಊರಿಗೆ ಹೊರಡ್ತೀರಾ?"