ಆಸ್ಪತ್ರೆಯಲ್ಲಿ ಹಾಕಿದ ಒಡಪು

ಗಂಡನ ಹೆಸರು ಬಾಯಿಂದ ಹೇಳದೆಯೇ ಇಪ್ಪತ್ತೆರಡು ವರ್ಷ ಸಂಸಾರ ಮಾಡಬಹುದು ಎಂಬುದಕ್ಕೆ ನಾನೇ ಸಾಕ್ಷಿ. ರೇಷನ್ ಅಂಗಡಿಯಲ್ಲಿ ಕಾರ್ಡು ಮುಂದೆ ಚಾಚುತ್ತಿದ್ದೆ. ಗ್ಯಾಸಿನವನು ಕೇಳಿದರೆ ಹಳೇ ರಸೀದಿ ತೋರಿಸುತ್ತಿದ್ದೆ. ಈ ಹೈದರಾಬಾದಿನ ಹನುಮಪ್ಪನ ಗುಡಿಯಲ್ಲಿ ಪೂಜಾರಿ ತೆಲುಗಿನಲ್ಲಿ "ಪೇರು ಚೆಪ್ಪಂಡಮ್ಮಾ" ಎಂದು ಹೆಸರು ಕೇಳಿದಾಗಲೂ "ನಮ್ಮ ಮನೆಯವರು" ಎಂದೇ ಅರ್ಚನೆ ಮಾಡಿಸಿದ್ದೇನೆ. ಆ ಪುಣ್ಯ ಯಾರ ಮನೆಯವರಿಗೆ ಮುಟ್ಟಿತೋ ಹನುಮಪ್ಪನೇ ಬಲ್ಲ. ನಮ್ಮ ಬಾಗಲಕೋಟೆ ಕಡೆ ಗಂಡನ ಹೆಸರು ಹೇಳಲೇಬೇಕಾದರೆ ಒಡಪು ಹಾಕಬೇಕು. ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ, ನಡುವೆ ಹೆಸರನ್ನು ಸಿಕ್ಕಿಸಬೇಕು. ಮದುವೆಯಾಗಿ ಬಂದ ದಿನ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು ಹಾಕಿಸಿದ್ದೇ ಕೊನೆ. ಆಮೇಲೆ ಯಾರೂ ಕೇಳಲಿಲ್ಲ.

ಮಾದಾಪುರದಲ್ಲಿ ಗಾಜಿನ ಆಫೀಸುಗಳು ಏಳತೊಡಗಿದಾಗ ಇವರು ಸನತ್‌ನಗರದ ಕಾರ್ಖಾನೆ ಬಿಟ್ಟು ಕ್ಯಾಬ್ ಓಡಿಸತೊಡಗಿದರು. ಈ ವರ್ಷ ಒಂದು ಜ್ವರ ಬಂದದ್ದು ಬಿಡಲೇ ಇಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಎಚ್‌ಐವಿ ಎಂದು ಬಂತು. ಎಲ್ಲಿಂದ, ಹೇಗೆ ಎಂದು ನಾನಿನ್ನೂ ಕೇಳಿಲ್ಲ. ಕೇಳುವ ದಿನ ಬಂದೀತು. ಮಾತ್ರೆ ಶುರುವಾಯಿತು, ಜ್ವರ ಇಳಿಯಿತು. ಅದರ ಜೊತೆಗೇ ಇವರ ಮಾತೂ ಇಳಿದುಹೋಯಿತು. ತಟ್ಟೆಯ ಅಂಚಿಗೆ ಮೊಳೆಯಿಂದ ಗೀರು ಹಾಕಿ ಅದೊಂದೇ ತಮ್ಮದೆಂದು ಬೇರೆ ಇಟ್ಟುಕೊಂಡರು. ಗೋಡೆಗೆ ಮುಖ ಮಾಡಿ ಉಂಡರು, ನಡುಮನೆಯಲ್ಲಿ ಚಾಪೆ ಹಾಸಿಕೊಂಡರು. ಮಕ್ಕಳಿಲ್ಲದ ಎರಡು ಕೋಣೆಯ ಮನೆಯಲ್ಲಿ ಇಷ್ಟು ಜಾಗವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಊರಲ್ಲಿರುವ ತಂಗಿ ಫೋನು ಮಾಡಿದಾಗ ಈರುಳ್ಳಿ ರೇಟು ಮಾತಾಡಿ ಇಡುತ್ತಿದ್ದೆ. ಉಳಿದದ್ದನ್ನು ದೇವರ ಮುಂದೆ ಹೇಳುತ್ತಿದ್ದೆ. ಅವನು ಓಣಿಯಲ್ಲಿ ಹೋಗಿ ಹೇಳುವವನಲ್ಲ ಎಂಬುದೊಂದು ಸಮಾಧಾನ.

ಹೆಂಡತಿಯೂ ಪರೀಕ್ಷೆ ಮಾಡಿಸಬೇಕೆಂದು ಡಾಕ್ಟರು ಬರೆದ ಚೀಟಿಯನ್ನು ಇವರು ಬಾಯಿಬಿಟ್ಟು ಹೇಳಿ ಕೈಗೆ ಕೊಡಲಿಲ್ಲ, ದೇವರ ಮುಂದಿನ ಕುಂಕುಮದ ಬಟ್ಟಲ ಕೆಳಗೆ ಇಟ್ಟಿದ್ದರು. ಓಣಿಯವರ ಕಣ್ಣು ತಪ್ಪಿಸಲು ನಾನು ಹತ್ತಿರದ ಆಸ್ಪತ್ರೆ ಬಿಟ್ಟು, ಲೋಕಲ್ ರೈಲು ಹತ್ತಿ ಲಿಂಗಂಪಲ್ಲಿ ಕಡೆಯ ಸರ್ಕಾರಿ ಆಸ್ಪತ್ರೆಗೆ ಹೋದೆ. ಗುಡಿಗೆ ಹೊರಟಿದ್ದೇನೆಂದು ಪಕ್ಕದ ಮನೆಯವರಿಗೆ ಹೇಳಿದ್ದೆ. ಸುಳ್ಳಾಗಬಾರದೆಂದು ಚೀಲದಲ್ಲಿ ತೆಂಗಿನಕಾಯಿಯೂ ಇತ್ತು.

ಪರೀಕ್ಷೆಗೆ ಮೊದಲು ಒಬ್ಬ ಹುಡುಗಿ ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು. ಕೌನ್ಸೆಲರ್ ಅಂತೆ. ನನ್ನ ತೆಲುಗು ಕೇಳಿ ನಕ್ಕು, "ನಾ ಬೀದರ ಕಡೆಯಾಕಿ ರೀ ಅಕ್ಕಾರ, ಕನ್ನಡದಾಗ ಹೇಳ್ರಿ. ಗಂಡನ ಹೆಸರು?" ಎಂದಳು.

"ನಮ್ಮ ಮನಿಯವರು."

"ಹಂಗ ಬರದ್ರ ಅರ್ಧ ಹೈದರಾಬಾದ್ ಮನಿಯವರ ಆಗತಾರ್ರಿ. ಹೆಸರು ಹೇಳ್ರಿ."

ಇವರ ಹೆಸರಿದ್ದ ಡಾಕ್ಟರ ಚೀಟಿ ಹುಡುಕಿದೆ. ತೆಂಗಿನಕಾಯಿ ತಂದವಳು ಚೀಟಿಯನ್ನು ಮನೆಯಲ್ಲೇ ಬಿಟ್ಟಿದ್ದೆ. ಆಕೆ ಪೆನ್ನು ಕೆಳಗಿಟ್ಟು, "ಒಡಪರ ಹಾಕ್ರಿ, ನಮ್ಮವ್ವನೂ ಹಾಕತಿದ್ಲು" ಎಂದಳು.

ಮದುವೆಯ ಒಡಪಿನಲ್ಲಿ ಬೆಳ್ಳಿ ಬಟ್ಟಲು, ಮಲ್ಲಿಗೆ ಎಲ್ಲ ಇತ್ತು. ಅವು ಆ ಕೋಣೆಗೆ ಒಗ್ಗುವಂತಿರಲಿಲ್ಲ. ಕಣ್ಣು ಮುಚ್ಚಿ, ಬಾಯಿಗೆ ಬಂದದ್ದು ಹೇಳಿದೆ:

"ಸನತ್‌ನಗರದಾಗ ರೈಲು ಹತ್ತಿ ಬಾಗಲದಾಗ ನಿಂದೆ,
ಮಲ್ಲಿಕಾರ್ಜುನರ ಹೆಸರ ಹೇಳಾಕ ಆಸ್ಪತ್ರಿತನಕ ಬಂದೆ."

ಆಕೆ ನಕ್ಕಳು. ನಾನೂ ನಕ್ಕೆ. ಮನೆಯಲ್ಲಿ ನಕ್ಕು ಎಷ್ಟು ದಿನವಾಗಿತ್ತೆಂದು ಆಗ ಹೊಳೆದು, ಸೆರಗು ಬಾಯಿಗೆ ಹಿಡಿದು ಅತ್ತೂಬಿಟ್ಟೆ.

ರಕ್ತ ಕೊಟ್ಟು ಒಂದು ತಾಸು ಕೂತೆ. ಸೂಜಿ ಚುಚ್ಚಿದ್ದು ಅಷ್ಟೇನೂ ನೋಯಲಿಲ್ಲ, ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ದೇವರ ದಯೆ ದೊಡ್ಡದು. ಮತ್ತೆ ಒಳಗೆ ಕರೆದು ಆಕೆ, "ನಿಮಗಿಲ್ರಿ ಅಕ್ಕಾರ. ಆದ್ರ ಮೂರು ತಿಂಗಳು ಬಿಟ್ಟು ಮತ್ತೊಮ್ಮಿ ನೋಡಬೇಕು. ಮಾತ್ರಿ ಒಂದು ದಿನಾನೂ ತಪ್ಪಬಾರದು ಅಂತ ಅವರಿಗೆ ಹೇಳ್ರಿ. ಮತ್ತ, ಕೂಡಿ ಉಂಡ್ರ, ಮುಟ್ಟಿದ್ರ ಏನೂ ಬರೂದಿಲ್ಲ" ಎಂದು ಹೇಳಿ ಕಾಂಡೋಮಿನ ಪೊಟ್ಟಣ ಕೊಟ್ಟಳು. ಚೀಲದಲ್ಲಿ ತೆಂಗಿನಕಾಯಿಯ ಪಕ್ಕವೇ ಇಟ್ಟೆ. ವಾಪಸು ಬರುವಾಗ ಗುಡಿಗೆ ಹೋದೆ. ಹನುಮಪ್ಪ ಬ್ರಹ್ಮಚಾರಿ. ಕ್ಷಮಿಸಪ್ಪಾ, ಇದೂ ಕಾಪಾಡುವ ವಸ್ತುವೇ ಎಂದು ಬೇಡಿಕೊಂಡು ಕಾಯಿ ಒಡೆಸಿದೆ. ಅರ್ಚನೆಗೆ ಈ ಸಲ ಹೆಸರು ಹೇಳಿದೆ. ಪೂಜಾರಿ ನಕ್ಷತ್ರ ಕೇಳಿದ, ಅದು ಗೊತ್ತಿರಲಿಲ್ಲ.

ಮನೆಗೆ ಬಂದರೆ ಇವರು ಬಾಗಿಲಲ್ಲೇ ನಿಂತಿದ್ದರು. "ಏನಂದ್ರು?" ಎಷ್ಟೋ ದಿನದ ಮೇಲೆ ಬಂದ ಮೊದಲ ಮಾತು ಅದು. ನನಗೋ ಹಿಗ್ಗು. "ನಿಮ್ಮ ಹೆಸರು ಕೇಳಿದ್ರು ರೀ" ಎಂದು ಸಲೀಸಾಗಿ ಒಡಪು ಒಪ್ಪಿಸಿದೆ. ಇವರು ಹೊಸ್ತಿಲ ಮೇಲೆ ಕೂತರು. "ಹುಚ್ಚಿ, ಮೊದಲ ರಿಪೋರ್ಟ್ ಹೇಳ!" "ನನಗಿಲ್ಲಂತರೀ. ಮೂರು ತಿಂಗಳಿಗೆ ಮತ್ತ ನೋಡತಾರಂತ" ಎಂದೆ. ಮುಖ ಗೋಡೆಗೆ ತಿರುಗಿಸಿಕೊಂಡರು.

ತಟ್ಟೆಯ ವಿಷಯ ಎಷ್ಟು ಹೇಳಿದರೂ ಕೇಳಲಿಲ್ಲ. ಅದಕ್ಕೇ ಈಗ ಗೀರಿನ ತಟ್ಟೆಯಲ್ಲಿ ನಾನೇ ಮೊದಲು ಬಡಿಸಿಕೊಂಡು ಕೂತುಬಿಡುತ್ತೇನೆ. "ಅದು ನನ್ನ ತಾಟು, ಇಡ ಕೆಳಗ!" ಎಂದು ದಿನಾ ಜಗಳ. ಇಪ್ಪತ್ತೆರಡು ವರ್ಷ ಗಂಡನಿಗೆ ಎದುರಾಡದ ಹೆಂಗಸೆಂದು ಹೆಸರಾದವಳು ನಾನು. ಈಗ ಆ ಬೈಗುಳ ಬರುವವರೆಗೆ ಮೊದಲ ತುತ್ತು ಎತ್ತದೆ ಕಾಯುತ್ತೇನೆ.