ತಾಳಿಕೋಟಿಗೆ ಕೇಳಿಸಿದ ಕೌದಿ

ನಮ್ಮ ವಿಜಯಪುರದ ಕಡೆಯವರ ಮಾತು ಬಹಳ ಒರಟು ಅಂತ ಮೈಸೂರು ಕಡೆಯವರು ಹೇಳುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ನಮ್ಮವರಿಬ್ಬರು ರಸ್ತೆಯಲ್ಲಿ ನಿಂತು ಒಬ್ಬರನ್ನೊಬ್ಬರು ಚಹಾಕ್ಕೆ ಕರೆಯುತ್ತಿದ್ದರೂ ಅವರಿಗೆ ಹೊಡೆದಾಟ ಶುರುವಾದಂತೆ ಕಾಣುತ್ತದಂತೆ. ಸ್ವಾಮೀ, ಒರಟಿರುವುದು ದನಿ ಮಾತ್ರ. ಎದುರಿಗೆ ಕೂತವನ ಮನಸ್ಸು ನೋಯಿಸಲು ನಮ್ಮಷ್ಟು ಅಂಜುವ ಜನ ಈ ಭೂಮಿಯ ಮೇಲೆ ಇನ್ನೊಂದು ಕಡೆ ಇರಲಿಕ್ಕಿಲ್ಲ. ಹೊಸ ಅಂಗಿ ತೊಟ್ಟವನಿಗೆ ಅದು ಒಪ್ಪುವುದಿಲ್ಲ ಅಂತ ನಾವು ಹೇಳುವುದಿಲ್ಲ. ಭಜನೆಯಲ್ಲಿ ಒಬ್ಬ ಶ್ರುತಿ ಬಿಟ್ಟು ಹಾಡಿದರೆ ಇನ್ನಷ್ಟು ಜೋರಾಗಿ ತಾಳ ಹೊಡೆದು ಅವನ ತಪ್ಪನ್ನು ಮುಚ್ಚುತ್ತೇವೆ. ಊಟ ಹೇಗಿದ್ದರೂ 'ಭಾಳ ಚಲೋ ಆಗೈತಿ' ಅಂದೇ ಕೈ ತೊಳೆಯುತ್ತೇವೆ. ಇದನ್ನು ನಾನು ದೊಡ್ಡ ಗುಣವೆಂದೇ ನಂಬಿದ್ದೆ. ಮನೆಯಲ್ಲಿ ಒಂದು ಬೀಕನ್ ಕೂರಿಸುವ ತನಕ.

ಬೀಕನ್ ಅಂದರೆ ಏನೆಂದು ಹೇಳಬೇಕು. ನಾನು ಬಸವನ ಬಾಗೇವಾಡಿಯವ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತನಾದ ಮೇಲೆ, ಸುಮ್ಮನೆ ಕೂತರೆ ಹೆಂಡತಿ ಹಸಿಮೆಣಸಿನಕಾಯಿ ತೊಟ್ಟು ತೆಗೆಯಲು ಹಚ್ಚುತ್ತಾಳೆಂಬ ಭಯಕ್ಕೆ, ಹವ್ಯಾಸಿ ರೇಡಿಯೋದ ಪರೀಕ್ಷೆ ಬರೆದೆ. ಪಾಸೂ ಆದೆ, ಪರವಾನಗಿಯೂ ಬಂತು. ಬೀಕನ್ ಎಂಬುದು ಒಂದು ಸಣ್ಣ ಟ್ರಾನ್ಸ್‌ಮಿಟರು. ಅದು ತನ್ನ ಗುರುತಿನ ಅಕ್ಷರಗಳನ್ನು ಟಿಕ್ ಟಿಕ್ ಸಂಜ್ಞೆಯಲ್ಲಿ ಹೇಳುತ್ತದೆ, ಆಮೇಲೆ ಒಂದು ಉದ್ದನೆಯ ಕೂ ಅನ್ನುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ದೂರದ ಊರಿನವರು ಅದನ್ನು ಕೇಳಿ, ಈ ಹೊತ್ತಿಗೆ ರೇಡಿಯೋ ಅಲೆಗಳಿಗೆ ದಾರಿ ಹೇಗಿದೆ ಎಂದು ತಿಳಿದುಕೊಳ್ಳುತ್ತಾರೆ. ಇಷ್ಟನ್ನು ನನ್ನ ಹೆಂಡತಿ ನೀಲಮ್ಮನಿಗೆ ಅರ್ಧ ತಾಸು ಬಿಡಿಸಿ ಹೇಳಿದೆ. ಆಕೆ ಎಲ್ಲ ಕೇಳಿ, "ಅಂದ್ರ, ಯಾರು ಕೇಳ್ಲಿ ಬಿಡ್ಲಿ, ನಾ ಇಲ್ಲಿ ಅದೇನಿ, ನಾ ಇಲ್ಲಿ ಅದೇನಿ ಅಂತ ಒದರಿಕೋತ ಕುಂಡ್ರೂದು. ಅದಕ್ಕ ಮಶೀನ್ ಯಾಕ ಬೇಕ್ರಿ? ನೀವ ಅದೀರಲ್ಲ?" ಅಂದಳು.

ಆಕೆಯ ಮಾತಿಗೆ ಬೇಜಾರು ಮಾಡಿಕೊಳ್ಳದೆ ಕೆಲಸಕ್ಕೆ ಇಳಿದೆ. ಮಾಳಿಗೆಯ ಮೇಲಿನ ನೀರಿನ ಟಾಕಿಯ ಕಂಬದಿಂದ ಹಿತ್ತಲಿನ ಬೇವಿನ ಮರದ ತನಕ ಅರವತ್ತಾರು ಫೂಟು ತಂತಿ ಎಳೆದೆ. ಮರ ಹತ್ತುವಾಗ ಕೆಳಗೆ ನಿಂತ ಓಣಿಯವರೆಲ್ಲ "ಹುಷಾರ್ರಿ, ಹುಷಾರ್ರಿ" ಎಂದು ಎಷ್ಟು ಕೂಗಿದರೆಂದರೆ ಅದರ ಗಾಬರಿಗೇ ಒಂದು ಸಲ ಜಾರಿದೆ. ತೊಂದರೆ ಬಂದದ್ದು ಪೆಟ್ಟಿಗೆಯನ್ನು ಎಲ್ಲಿ ಇಡಬೇಕೆಂಬಲ್ಲಿ. ಅರ್ಥಿಂಗ್ ಸರಿಯಾಗಿದ್ದ ಪ್ಲಗ್ಗು ನಮ್ಮ ಮನೆಯಲ್ಲಿ ಇರುವುದು ಒಂದೇ, ಅದೂ ಅಡಿಗೆಮನೆಯಲ್ಲಿ. ಕಡೆಗೆ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಒಂದು ಗೇಣು ಜಾಗ ಮಂಜೂರಾಯಿತು. ನೀಲಮ್ಮ ಪೆಟ್ಟಿಗೆಗೆ ವಿಭೂತಿ ಹಚ್ಚಿ, ಒಂದು ಹೂ ಏರಿಸಿ, ಹೊಸ್ತಿಲ ಹೊರಗೆ ಕಾಯಿ ಒಡೆದಳು. ನಾನು ಸ್ವಿಚ್ ಒತ್ತಿದೆ. ಪುಟ್ಟ ಕೆಂಪು ದೀಪ ಹತ್ತಿ ಆರಿ ಮಾಡಲು ಶುರುಮಾಡಿದಾಗ, ಯಾಕೆ ಸುಳ್ಳು ಹೇಳಲಿ, ನನ್ನ ಕಣ್ಣು ತೇವವಾದವು. ಒಗ್ಗರಣೆಯ ಹೊಗೆ ಅಂತ ಹೇಳಿ ಒರೆಸಿಕೊಂಡೆ.

ಇನ್ನು ಉಳಿದದ್ದು ಪರೀಕ್ಷೆ. ಹವ್ಯಾಸಿಗಳ ಒಂದು ಸಂಘ ದೇಶದ ಬೀಕನ್‌ಗಳ ಪಟ್ಟಿ ಇಟ್ಟಿರುತ್ತದೆ. ಅದರಲ್ಲಿ ಸೇರಬೇಕಾದರೆ, ಬೇರೆ ಊರಲ್ಲಿ ಒಂದು ವಾರ ಕೇಳಿದ ವರದಿ ಬೇಕು, ಅದು ಖರೇ ಎಂದು ನನ್ನ ರುಜು ಬೇಕು. ನಾನು ಕೈಯಾರೆ ಮೂರು ರಿಸೀವರು ಜೋಡಿಸಿ ಬಸ್ಸು ಹತ್ತಿದೆ. ಇಂಡಿಯಲ್ಲಿ ಲಿಂಬೆ ತೋಟದ ಮಹಾದೇವಪ್ಪನಿಗೆ ಒಂದು, ಸಿಂದಗಿಯಲ್ಲಿ ನಿವೃತ್ತ ಹಣಮಂತರಾಯ ಮಾಸ್ತರರಿಗೆ ಒಂದು, ಮುದ್ದೇಬಿಹಾಳದಲ್ಲಿ ಅರಿವೆ ಅಂಗಡಿಯ ಸಂಗಣ್ಣನಿಗೆ ಒಂದು ಕೊಟ್ಟು ಬಂದೆ. ಮೂವರೂ ಹಳೆಯ ಗೆಳೆಯರು. ಮನೆಯಲ್ಲಿ ಇಟ್ಟುಕೊಳ್ಳಲು ನಾಲ್ಕನೆಯದು ಮಾಡಲಿಲ್ಲ. ನನ್ನ ದನಿ ನನಗೆ ಕೇಳಿಸಿದರೆ ಏನು ಬಂತು ಎಂಬ ದೊಡ್ಡಸ್ತಿಕೆ.

ಮಾರನೆಯ ದಿನದಿಂದಲೇ ಫೋನುಗಳು. "ಸರ, ಗುಡಿ ಗಂಟಿ ಬಾರಿಸಿದಂಗ ಕೇಳಾಕತ್ತೈತ್ರಿ" ಅಂದ ಮಹಾದೇವಪ್ಪ. ಮಾಸ್ತರರು ಹಳೆಯ ಚಟದಂತೆ ನೂರಕ್ಕೆ ತೊಂಬತ್ತೈದು ಅಂಕ ಕೊಟ್ಟರು. ಮರುದಿನ ತೊಂಬತ್ತೇಳು. ಸಂಗಣ್ಣನಂತೂ, "ಅಂಗಡಿಗೆ ಬಂದ ಗಿರಾಕಿಗೋಳು ಸೀರಿ ನೋಡೂದು ಬಿಟ್ಟು ಇದನ್ನ ಕೇಳ್ಕೋತ ನಿಂತಾರ ನೋಡ್ರಿ" ಅಂದ. ನಾನು ಎಲ್ಲವನ್ನೂ ವಹಿಯಲ್ಲಿ ಬರೆದುಕೊಂಡೆ. ಸಂಜೆ ಓಣಿಯ ಕಟ್ಟೆಯ ಮೇಲೆ ಕೂತು ಓದಿ ಹೇಳಿದೆ. ನಾಲ್ಕು ದಿನ ನೆಲದ ಮೇಲೆ ನಡೆಯಲಿಲ್ಲ ನಾನು.

ಬುಧವಾರ ಬೆಳಿಗ್ಗೆ ನೀಲಮ್ಮ ಒಲೆಯ ಮುಂದೆ ನಿಂತವಳು ಒಮ್ಮೆಲೇ, "ಅಯ್ಯ ನನ್ನ ಶಿವನ!" ಅಂದಳು. ಹಾಲು ಉಕ್ಕಿತೇನೋ ಅಂದುಕೊಂಡು ಓಡಿದೆ. "ಅಲ್ರೀ, ಆಯ್ತವಾರ ಶೇಂಗಾ ಹಿಂಡಿ ಮಾಡಾಕ ಮಿಕ್ಸರ್ ಹಚ್ಚಿದ್ದೆ. ನಿಮ್ಮ ಡಬ್ಬಿ ಪ್ಲಗ್ ತಗದಾಕಿ ಹಾಕೂದ ಮರತೇನಿ ನೋಡ್ರಿ."

ಭರಣಿಯ ಪಕ್ಕ ನೋಡಿದೆ. ಕೆಂಪು ದೀಪ ಇಲ್ಲ. ಪೆಟ್ಟಿಗೆ ಮುಟ್ಟಿದರೆ ತಣ್ಣಗೆ. ಭಾನುವಾರದಿಂದ ಬುಧವಾರದ ತನಕ ನನ್ನ ಬೀಕನ್ ಹೂಂ ಅಂದಿಲ್ಲ, ಹಾಂ ಅಂದಿಲ್ಲ. ತೊಂಬತ್ತೇಳು ಅಂಕ ಬಂದದ್ದು ಸೋಮವಾರ! ಪ್ಲಗ್ಗು ಹಾಕಲು ಹೋದ ನೀಲಮ್ಮನ ಕೈ ತಡೆದು, ಅಲ್ಲೇ ನಿಂತು ಮೂರು ಕಡೆ ಫೋನು ಹಚ್ಚಿದೆ. "ಈಗ ಹೆಂಗ ಕೇಳಾಕತ್ತೈತಿ?" ಇಂಡಿಯಿಂದ "ಗಂಟಿರಿ ಸರ, ಗಂಟಿ!" ಸಿಂದಗಿಯಿಂದ ತೊಂಬತ್ತೆಂಟು. ಮುದ್ದೇಬಿಹಾಳದಿಂದ "ನಿನ್ನಿಗಿಂತ ಭಾರಿ ಐತ್ರಿ."

ನನ್ನ ಪಿತ್ತ ನೆತ್ತಿಗೇರಿತು. ಮತ್ತೆ ಇಂಡಿಗೆ ಫೋನು ಹಚ್ಚಿ, "ಮಹಾದೇವಪ್ಪಾ, ಮಶೀನ್ ಬಂದ್ ಆಗಿ ನಾಕ ದಿನ ಆತಪಾ. ನೀ ಏನ ಕೇಳಾಕತ್ತೀದಿ?" ಅಂದೆ. ಅವನು ಮೆಲ್ಲಗೆ, "ಸರ, ಬಿಸಲಾಗ ಬಸ್ಸು ಹತ್ತಿ ಬಂದು, ಊಟಾನೂ ಮಾಡದ ಆ ರೇಡಿಯೋ ಕೊಟ್ಟು ಹೋದ್ರಿ. ಕೇಳಂಗಿಲ್ಲ ಅಂತ ಯಾವ ಬಾಯಿಲೆ ಹೇಳ್ಲಿರಿ? ನಮ್ಮಾಕಿ ಅದನ್ನ ದೇವರ ಜಗಲಿ ಮ್ಯಾಲ ಇಟ್ಟಾಳ್ರಿ. ಮುಟ್ಟಾಕ ಬಿಡಂಗಿಲ್ಲ. ದಿನಾ ಹೂ ಏರಸ್ತೇವ್ರಿ" ಅಂದ. ಇದಕ್ಕೆ ನಾನು ಏನೆಂದು ಬೈಯಲಿ? "ಇರಲಿ ಬಿಡಪಾ" ಅಂದು ಫೋನಿಟ್ಟೆ.

ಅವತ್ತು ನನಗೆ ನಿಜವಾಗಿಯೂ ಸಂಕಟವಾಯಿತು. ಮೂವತ್ತೈದು ವರ್ಷ ನಾನು ಬೇರೆಯವರ ಮಾತನ್ನು ಬೇರೆಯವರಿಗೆ ಮುಟ್ಟಿಸಿದವ. ಹೆರಿಗೆಯ ಸುದ್ದಿ, ಮದುವೆಯ ಸುದ್ದಿ, ಸತ್ತ ಸುದ್ದಿ, ಎಲ್ಲ ನನ್ನ ಕೈಮೇಲೆ ಹೋದವು. ನಾನಾಗಿ ಕಳಿಸಿದ್ದು ಒಂದು ಕಡೆ ಹೋಗಿ ಮುಟ್ಟಿತು ಎಂದು ಒಮ್ಮೆಯಾದರೂ ಖಾತ್ರಿಯಾಗಬೇಕೆಂಬ ಆಸೆ ಇತ್ತು. ವಹಿಯ ತುಂಬ ಹೊಗಳಿಕೆ ಇದೆ, ಒಂದಕ್ಷರವನ್ನೂ ನಂಬುವಂತಿಲ್ಲ. ಹಾಗಿದ್ದ ಮೇಲೆ ರುಜು ಎಲ್ಲಿ ಹಾಕುವುದು? ವರದಿ ಕಳಿಸಲು ಹತ್ತು ದಿನ ಉಳಿದಿದ್ದವು. ಖರೇ ಹೇಳುವ ಒಂದು ಕಿವಿ ನನಗೆ ಬೇಕಾಗಿತ್ತು, ನಾಲ್ಕು ತಾಲೂಕು ಹುಡುಕಿದರೂ ಅದು ಸಿಗುವ ಲಕ್ಷಣ ಕಾಣಲಿಲ್ಲ.

ನೀಲಮ್ಮ ಪ್ಲಗ್ಗು ಹಾಕುತ್ತ ಅಂದಳು: "ಗೆಳ್ಯಾರಿಗೆ ಯಾಕ ಕೊಟ್ರಿ? ತಾಳಿಕೋಟಿ ಬೀಗತಿಗೆ ಕೊಡ್ರಿ."

ಇಂಥ ತಲೆ ಎಕ್ಸ್‌ಚೇಂಜಿನಲ್ಲಿ ಒಬ್ಬ ಇಂಜಿನಿಯರಿಗೂ ಇರಲಿಲ್ಲ. ನಮ್ಮ ಮಗಳು ಸುಜಾತಾಳನ್ನು ತಾಳಿಕೋಟಿಗೆ ಕೊಟ್ಟಿದ್ದೇವೆ. ಆಕೆಯ ಅತ್ತೆ ಗೌರಮ್ಮನವರು ನಮಗೆ ಬೀಗತಿ. ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ಚಲೋ ಐತಿ ಅನ್ನಬಹುದು, ಆದರೆ ಗಂಡಿನ ಕಡೆಯ ಬೀಗರು ಹೆಣ್ಣಿನ ಕಡೆಯವರಿಗೆ ಹಾಗನ್ನುವಂತಿಲ್ಲ. ಅಂದರೆ ಅವರ ಮನೆತನದ ತೂಕವೇ ಇಳಿದಂತೆ. ಅದರಲ್ಲೂ ಗೌರಮ್ಮನವರು ಸಾಮಾನ್ಯರಲ್ಲ. ಮದುವೆಯಲ್ಲಿ ನಾವು ಕಟ್ಟಿ ಕಳಿಸಿದ ನೂರಾ ಒಂದು ಹೋಳಿಗೆಗಳಲ್ಲಿ ಒಂದರಲ್ಲಿ ಹೂರಣ ಕಡಿಮೆ ಬಿದ್ದದ್ದನ್ನು ಪತ್ತೆ ಮಾಡಿದವರು. ಈಗಲೂ ದೀಪಾವಳಿಗೆ ಹೋದಾಗ ಆ ಹೋಳಿಗೆಯ ಮಾತು ಒಮ್ಮೆ ಬರುತ್ತದೆ.

ಮರುದಿನವೇ ಮುದ್ದೇಬಿಹಾಳದಲ್ಲಿ ಬಸ್ಸಿಳಿದು ಸಂಗಣ್ಣನ ಅಂಗಡಿಗೆ ಹೋದೆ. ರಿಸೀವರು ಗಾಳಿಗೆ ಸೀರೆ ಹಾರದಂತೆ ಅದರ ಮೇಲೆ ಭಾರಕ್ಕೆ ಕೂತಿತ್ತು. ಅವನು ನಾಚಿಕೊಂಡು ತರಿಸಿದ ಚಹಾ ಕುಡಿದು, ರಿಸೀವರನ್ನು ಚೀಲಕ್ಕೆ ಹಾಕಿಕೊಂಡು ತಾಳಿಕೋಟಿ ಬಸ್ಸು ಹತ್ತಿದೆ. ಗೌರಮ್ಮನವರು ಅದನ್ನು ತಿರುವಿ ತಿರುವಿ ನೋಡಿ, "ಇದೇನ್ರಿ ಬೀಗರ, ಬಣ್ಣಾನೂ ಹಚ್ಚಿಲ್ಲ?" ಅಂದರು. ನನ್ನ ಜೀವಕ್ಕೆ ಹಾಯೆನಿಸಿತು. ಶುರುವಾತಿಗೇ ತಪ್ಪು ಸಿಕ್ಕಿತ್ತು! ರೊಟ್ಟಿ ಬಡಿಯುವಾಗ ಕಿಟಕಿಯಲ್ಲಿ ಇಟ್ಟುಕೊಳ್ಳಿರಿ, ಹೆಂಗ ಕೇಳತೈತಿ ಅಂತ ದಿನಾ ಹೇಳ್ರಿ ಅಂದೆ. "ಹೇಳೂದಕ್ಕೇನ್ರಿ, ಇದ್ದದ್ದು ಇದ್ದಂಗ ಹೇಳ್ತೇನಿ" ಅಂದರು.

ಮೊದಲ ಎರಡು ದಿನದ ವರದಿಗಳು: "ಕೂ ಅನ್ನೂದು ಭಾಳ ಉದ್ದ ಆತು, ತಲಿ ಚಿಟ್ಟ ಹಿಡೀತೈತಿ." "ಟಿಕ್ ಟಿಕ್ ಭಾಳ ಅವಸರ ಮಾಡತೈತಿ, ನಿಮ್ಮ ಮಗಳು ಕಸಾ ಹೊಡದಂಗ." ನಾನು ಕುಣಿದಾಡಿದೆ. ಆದರೂ ಒಳಗೊಂದು ಸಂಶಯ. ಬೀಗತಿ ಕೇಳದೆಯೂ ತಪ್ಪು ಹುಡುಕಬಲ್ಲವರು. ಇದು ಕಿವಿಯಿಂದ ಬಂದದ್ದೋ ಸ್ವಭಾವದಿಂದ ಬಂದದ್ದೋ ಹೇಗೆ ತಿಳಿಯಬೇಕು?

ಮೂರನೆಯ ದಿನ ಸಂಜೆ ಅವರೇ ಫೋನು ಮಾಡಿದರು. ದನಿಯಲ್ಲಿ ಹೋಳಿಗೆ ಸಿಕ್ಕ ದಿನದ ಖುಷಿ ಇತ್ತು. "ಏನ್ರಿ ಬೀಗರ, ಇದೇನ್ ರೀತಿರಿ? ಮುಂಜಾನಿ ಖಣಖಣ ಅಂತಿತ್ತು. ಹತ್ತು ಗಂಟೆಕ್ಕ ಧ್ವನಿ ಒಮ್ಮೆಲೆ ಕುಂತು ಬಿಡ್ತು, ಜಡ್ಡಿನವರು ನರಳಿದಂಗ. ಮೂರು ಗಂಟೆಕ್ಕ ಮತ್ತ ಎದ್ದು ಕುಂತೈತಿ. ಮಧ್ಯಾಹ್ನ ಅದಕ್ಕೇನ್ ನಿದ್ದಿ ಮಾಡಸ್ತೀರೇನು?"

ನಾನು ಪೆಟ್ಟಿಗೆಯ ಹತ್ತಿರ ಓಡಿದೆ. ದೀಪ ಸರಿಯಾಗಿದೆ, ಪ್ಲಗ್ಗು ಸರಿಯಾಗಿದೆ, ಇವತ್ತು ಮಿಕ್ಸರನ್ನು ಯಾರೂ ಮುಟ್ಟಿಲ್ಲ. ಹಾಗಾದರೆ ಬೀಗತಿಯದು ಬರೀ ಸ್ವಭಾವವೇ ಅಂದುಕೊಂಡು ಅಲ್ಲೇ ಕೂತೆ. "ಇವತ್ತ ಹತ್ತು ಗಂಟೆಕ್ಕ ಏನರ ಆಗಿತ್ತೇನ?" ಅಂತ ನೀಲಮ್ಮನನ್ನು ಕೇಳಿದೆ. ಆಕೆ ಸೆರಗಿನ ತುದಿ ತಿರುವುತ್ತ, "ಏನೂ ಇಲ್ರಿ... ಕೌದಿ ಒಗದಿದ್ದೆ" ಅಂದಳು. "ಎಲ್ಲಿ ಒಣಹಾಕಿದಿ?" "ಮಾಳಗಿ ಮ್ಯಾಲ." "ಮಾಳಗಿ ಮ್ಯಾಲ ಎಲ್ಲಿ?" "ನಿಮ್ಮ ತಂತಿ ಮ್ಯಾಲ. ಮೂರು ಗಂಟೆಕ್ಕ ಒಣಗ್ತು, ತಗದೇನ್ರಿ. ಬೈಬ್ಯಾಡ್ರಿ."

ಬೈಯುವುದೇ? ನಾನು ಆಕೆಯ ಎರಡೂ ಕೈ ಹಿಡಿದು ಅಡಿಗೆಮನೆಯಲ್ಲಿ ಗಿರಗಿರ ತಿರುಗಿಸಿಬಿಟ್ಟೆ. ನಾಲ್ಕು ಹಳೆಯ ಸೀರೆ ಸೇರಿಸಿ ಹೊಲಿದ ಆ ಕೌದಿ ತೊಯ್ದರೆ ಎಮ್ಮೆಯ ಕರುವಿನಷ್ಟು ಭಾರ. ಅದರ ಭಾರಕ್ಕೆ ತಂತಿ ಜೋತು ಮಾಳಿಗೆಯಂಚಿನ ಕುಂಬಿಗೋಡೆಗೆ ತಾಗಿದೆ, ಬೀಕನ್ನಿನ ದನಿ ಇಳಿದಿದೆ. ಇಳಿದ ಗಳಿಗೆ, ಏರಿದ ಗಳಿಗೆ ಎರಡನ್ನೂ ಅಷ್ಟು ದೂರದ ತಾಳಿಕೋಟಿಯಲ್ಲಿ ಒಬ್ಬರು ರೊಟ್ಟಿ ಬಡಿಯುತ್ತ ಹಿಡಿದಿದ್ದಾರೆ! ಬಾಗೇವಾಡಿಯ ಮಾಳಿಗೆಯ ಕೌದಿ ತಾಳಿಕೋಟಿಯ ಕಿಟಕಿಗೆ ಕೇಳಿಸಿತ್ತು. ಮುಟ್ಟಿತ್ತು, ನಾನು ಕಳಿಸಿದ್ದು ಹೋಗಿ ಮುಟ್ಟಿತ್ತು. ನೀಲಮ್ಮ ಕೈ ಬಿಡಿಸಿಕೊಂಡು, "ವಯಸ್ಸರ ನೋಡ್ರಿ ನಿಮ್ಮದು" ಅಂದಳು, ಆದರೆ ನಗುತ್ತಿದ್ದಳು.

ವಾರದ ವರದಿಯನ್ನು ಗೌರಮ್ಮನವರು ಹೇಳಿದ ಮಾತಿನಲ್ಲೇ ಬರೆದೆ. ಕೌದಿ, ಜಡ್ಡು, ಮಧ್ಯಾಹ್ನದ ನಿದ್ದೆ, ಒಂದನ್ನೂ ಬಿಡಲಿಲ್ಲ. ಕೆಳಗೆ ಧೈರ್ಯವಾಗಿ ರುಜು ಹಾಕಿದೆ. ಸಂಘದಿಂದ ಉತ್ತರ ಬಂತು: ಪಟ್ಟಿಯಲ್ಲಿ ಸೇರಿಸಿದ್ದೇವೆ, ಇಷ್ಟು ನಂಬಿಗೆಯ ವರದಿ ನಾವು ಕಂಡಿಲ್ಲ, ಆ ಅಮ್ಮನವರಿಗೆ ನಮ್ಮ ವಂದನೆ ತಿಳಿಸಿ. ತಿಳಿಸಿದೆ. "ಬರೀ ವಂದನೆ ಏನ್ರಿ, ಒಂದು ಶಾಲರ ಕಳಸಬೇಕಿಲ್ಲ?" ಅಂದರು ಬೀಗತಿ.

ಅವತ್ತು ರೊಟ್ಟಿ, ಝುಣಕ. ಸಂಘದ ಪತ್ರವನ್ನು ತಾಟಿನ ಪಕ್ಕದಲ್ಲೇ ಇಟ್ಟುಕೊಂಡು ಓದುತ್ತ ಉಣ್ಣುತ್ತಿದ್ದೆ. ನೀಲಮ್ಮ ಎದುರಿಗೆ ಕೂತು, "ಝುಣಕ ಹೆಂಗಾಗೈತ್ರಿ?" ಅಂದಳು.

"ಭಾಳ ಚಲೋ ಆಗೈತಿ."

"ಖರೇನ?"

"ಖರೇನ. ಗಂಟಿ ಬಾರಿಸಿದಂಗ ಆಗೈತಿ."

"ಉಪ್ಪ ಹಾಕಿಲ್ರಿ," ಅಂದಳು ಆಕೆ ಸಮಾಧಾನವಾಗಿ. "ಮೂವತ್ತೈದು ವರ್ಷ ಆತು, ದಿನಾ ಇದ ಒಂದ ಮಾತು. ಪ್ಲಗ್ ತಗದು ಕೇಳಿದ್ರ ಖರೇ ತಿಳೀತೈತಿ ಅಂತ ನೀವ ಕಲಿಸೀರಿ. ಇವತ್ತ ನಂದೂ ಒಂದು ಟೆಸ್ಟ್ ಆತು."

ಮಹಾದೇವಪ್ಪ, ಮಾಸ್ತರರು, ಸಂಗಣ್ಣ ಮೂವರೂ ನನ್ನ ತಾಟಿನ ಸುತ್ತ ಕೂತು ಮುಸಿಮುಸಿ ನಕ್ಕಂತಾಯಿತು. ಆಕೆ ಎದ್ದು ಹೋಗಿ ಉಪ್ಪು ತಂದು, ಝುಣಕದ ಮೇಲೆ ಉದುರಿಸಿ ಕಲಸಿ, ಮತ್ತೆ ಎದುರಿಗೆ ಕೂತಳು. "ಈಗ ಹೇಳ್ರಿ."

ನಾನು ಒಂದು ತುತ್ತು ಬಾಯಿಗಿಟ್ಟು, ಚೆನ್ನಾಗಿ ಅಗಿದು, ಜೀವಮಾನದಲ್ಲೇ ಮೊದಲ ಸಲ ಅಂದೆ: "ಸ್ವಲ್ಪ ಉಪ್ಪ ಹೆಚ್ಚಾತು."

ನೀಲಮ್ಮನ ಮುಖ ಅರಳಿತು. "ಹಾಂ, ಈಗ ಮುಟ್ಟಿತು ನೋಡ್ರಿ!" ಅಂದು ಬಿಸಿ ರೊಟ್ಟಿ ತರಲು ಎದ್ದಳು.

ಖರೇ ಹೇಳಬೇಕೆಂದರೆ ಉಪ್ಪು ಸರಿಯಾಗಿಯೇ ಇತ್ತು. ಆದರೆ ಅಷ್ಟು ಆಸೆಯಿಂದ ಕೇಳಿದ್ದಾಳೆ, ಆಕೆಯ ಮನಸ್ಸು ಯಾಕೆ ನೋಯಿಸಬೇಕು ಹೇಳಿ?